ಅಕ್ಕನಿಗಿಂತ ಐದು ಪಾಯಿಂಟ್ ದಡ್ಡ

“ಆಂಟಿ, ನಾನು ಅಕ್ಕನಿಗಿಂತ ಐದು ಪಾಯಿಂಟ್ ದಡ್ಡ.” ಪಕ್ಕದ ಮನೆಯ ಎಂಟು ವರ್ಷದ ಹುಡುಗ ಈಜು ಕ್ಲಾಸಿನಿಂದ ಬರುವಾಗ ಹೇಳಿದ್ದು. ಬುದ್ಧಿಮತ್ತೆಯ (ಐಕ್ಯೂ) ಪರೀಕ್ಷೆಯಲ್ಲಿ ಅಕ್ಕನಿಗೆ 131, ಇವನಿಗೆ 126, ಪ್ರತಿಭಾವಂತರ ವಿಶೇಷ ತರಗತಿಗೆ 130 ಬೇಕಂತೆ. ಕ್ಯಾಲಿಫೋರ್ನಿಯಾದ ನಮ್ಮವರ ನಡುವೆ ಇಂಥ ಲೆಕ್ಕ ಮಾಮೂಲು.

ಆ ಐದು ಅಂಕದಲ್ಲಿ ಹುರುಳಿಲ್ಲ. ಇಲ್ಲಿ ಹೆಚ್ಚಾಗಿ ಮಾಡಿಸುವ ವೆಕ್ಸ್ಲರ್ ಪರೀಕ್ಷೆಯಲ್ಲಿ ಸರಾಸರಿ 100. ಅದೇ ಮಗು ಇನ್ನೊಂದು ದಿನ ಕೂತರೆ ಐದಾರು ಅಂಕ ಆಚೀಚೆ ಆಗುವುದು ಸಹಜ. ವರದಿಯಲ್ಲೇ ‘119ರಿಂದ 131’ ಎಂಬಂತೆ ವ್ಯಾಪ್ತಿ ಅಚ್ಚಾಗಿರುತ್ತದೆ. ಓದುವವರು ಯಾರು?

ಓದಬೇಕಾದ್ದು ಒಟ್ಟು ಅಂಕವನ್ನಲ್ಲ, ಒಂದೊಂದು ವಿಭಾಗದ ಬಿಡಿ ಅಂಕಗಳನ್ನು. ಮನಶ್ಶಾಸ್ತ್ರಜ್ಞರು ಮಗುವನ್ನು ಎದುರು ಕೂರಿಸಿಕೊಂಡು ಕೆಂಪು-ಬಿಳಿ ಘನಗಳನ್ನು ಚಿತ್ರದಂತೆ ಜೋಡಿಸಲು ಹೇಳುತ್ತಾರೆ. ಅಂಕಿಗಳನ್ನು ಓದಿ, ಹಿಂದಿನಿಂದ ಹೇಳು ಎನ್ನುತ್ತಾರೆ. ಪದಗಳ ಅರ್ಥ ಕೇಳುತ್ತಾರೆ, ಗಡಿಯಾರ ಹಿಡಿದು ಗುರುತು ಹಾಕಿಸುತ್ತಾರೆ. ಭಾಷೆಯಲ್ಲಿ 125, ವೇಗದಲ್ಲಿ 85 ಬಂದ ಮಗುವಿನ ಒಟ್ಟು ಅಂಕ ಹೆಚ್ಚೇನೂ ಹೇಳದು. ಆದರೆ ಬಾಯಲ್ಲಿ ಪಟಪಟ ಹೇಳುವವನು ಬರೆಯಲು ಕೂತರೆ ಯಾಕೆ ಅರ್ಧಕ್ಕೇ ನಿಲ್ಲುತ್ತಾನೆ ಎಂಬ ಸುಳಿವು ಅಲ್ಲಿದೆ. ಶಾಲೆಯ ಪರೀಕ್ಷೆಗಳಲ್ಲಿ ಹೆಚ್ಚುವರಿ ಸಮಯ ಕೇಳಲು ಅದೇ ಆಧಾರ.

ಈ ಅಳತೆಯನ್ನು ಕೆಡಿಸುವುದೂ ಸುಲಭ. ಅಂಥದೇ ಘನಗಳನ್ನು ಕೊಂಡು ಮನೆಯಲ್ಲಿ ತಾಲೀಮು ಮಾಡಿಸಿದರೆ ಅಳತೆಗೆ ಸಿಗುವುದು ತಾಲೀಮೇ. ಮನೆಯಲ್ಲಿ ಕನ್ನಡವನ್ನಷ್ಟೇ ಆಡುವ ಆರು ವರ್ಷದ ಮಗು ಇಂಗ್ಲಿಷ್ ಪದಗಳಲ್ಲಿ ಸೋತರೆ ಅದು ಬುದ್ಧಿಯ ಸೋಲಲ್ಲ. ಇದೇ ರಾಜ್ಯದಲ್ಲಿ ಸ್ಪ್ಯಾನಿಷ್ ಆಡುವ ಮಕ್ಕಳನ್ನು ಇಂಗ್ಲಿಷ್ ಪರೀಕ್ಷೆ ನೋಡಿ ಮಂದಬುದ್ಧಿಯವರ ತರಗತಿಗೆ ಹಾಕಿದ್ದರು. 1970ರ ಡಯಾನಾ ಮೊಕದ್ದಮೆಯ ನಂತರ ಮನೆಮಾತಿನಲ್ಲೂ ಪರೀಕ್ಷಿಸಬೇಕಾಯಿತು. ವಿಶೇಷ ಶಿಕ್ಷಣದ ವಿಷಯದಲ್ಲಿ ಒಂದೇ ಪರೀಕ್ಷೆಯಿಂದ ತೀರ್ಮಾನಿಸಬಾರದೆಂದು ಈಗ ಅಮೆರಿಕದ ಕೇಂದ್ರ ಕಾನೂನೂ ಹೇಳುತ್ತದೆ.

ಹೆಮ್ಮೆಯ ವಿಷಯವೆಂದರೆ, ವಿ.ವಿ. ಕಾಮತ್ ಅವರು ಕನ್ನಡ, ಮರಾಠಿ ಮಕ್ಕಳಿಗೆಂದೇ ಫ್ರಾನ್ಸಿನ ಬಿನೆ ಬುದ್ಧಿಮತ್ತೆ ಪರೀಕ್ಷೆಯನ್ನು ಮಾರ್ಪಡಿಸಿ ಅದರ ವಿವರ ಪ್ರಕಟಿಸಿದ್ದು 1934ರಲ್ಲೇ. ಬೇಸರದ ವಿಷಯವೆಂದರೆ, ಬಿನೆ-ಕಾಮತ್ ಇನ್ನೂ ಭಾರತದ ಕ್ಲಿನಿಕ್‌ಗಳಲ್ಲಿ ನಡೆಯುತ್ತಿದೆ. ಹೋಲಿಕೆಗೆ ಇಟ್ಟುಕೊಂಡ ಮಕ್ಕಳ ಅಂಕಗಳ ಮಾನದಂಡ ಹಳತಾದಷ್ಟೂ ಇಂದಿನ ಮಗುವಿನ ಅಂಕ ಉಬ್ಬುತ್ತದೆ. ಬುದ್ಧಿಮಾಂದ್ಯದ ಗೆರೆ ಸುಮಾರು 70 ಅಂಕ; ಅದರ ಆಸುಪಾಸಿನ ಮಗು ಹಾಗೆ ಗೆರೆ ದಾಟಿಬಿಟ್ಟರೆ ಅದಕ್ಕೆ ಸಿಗಬೇಕಾದ ನೆರವು ತಪ್ಪುತ್ತದೆ. ಊರಿನಲ್ಲಿ ಮಾಡಿಸುವವರು ಯಾವ ಪರೀಕ್ಷೆ, ಯಾವ ವರ್ಷದ ಮಾನದಂಡ ಎಂದು ಕೇಳಿ, ಬಿಡಿ ಅಂಕಗಳ ವರದಿ ಪಡೆಯಿರಿ.

ಬೆರಳಚ್ಚು ನೋಡಿ ಬುದ್ಧಿ ಹೇಳುತ್ತೇವೆ ಎನ್ನುವವರಿಗೆ ಮಾತ್ರ ದುಡ್ಡು ಸುರಿಯಬೇಡಿ. ಅದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಆ ದುಡ್ಡಿನಲ್ಲಿ ಮಗುವಿನ ಕಣ್ಣು, ಕಿವಿ ತೋರಿಸಿ. ಬೋರ್ಡ್ ಕಾಣದ ಮಗುವೂ ತರಗತಿಯಲ್ಲಿ ದಡ್ಡನಂತೆಯೇ ಕಾಣುತ್ತದೆ.