ನಾನು ಐದನೇ ಹೆಜ್ಜೆಯಿಂದ ಶುರು ಮಾಡಿದ್ದೆ

ಕಾರ್ಡಿನ ಮೇಲೆ 'ಹಣಕಾಸು ಸಲಹೆಗಾರ' ಅಂತ ಹಾಕಿಸಿಕೊಂಡಾಗ, ವಿಮೆ ಮಾರುವುದಕ್ಕೆ ಬೇಕಾದಷ್ಟು ತರಬೇತಿ ಬಿಟ್ಟರೆ ನಾನು ಬೇರೇನೂ ಓದಿರಲಿಲ್ಲ. ಪಾಲಿಸಿ ಮಾಡಿಸಿದರೆ ಕಮಿಷನ್. ಅದೇ ಸಂಪಾದನೆ.

ಆಗ ನಿವೃತ್ತ ಟೀಚರ್ ಒಬ್ಬರಿಗೆ 10 ವರ್ಷದ ಪಾಲಿಸಿ ಮಾಡಿಸಿದೆ. ಮೂರನೇ ವರ್ಷ ಅವರಿಗೆ ಆಪರೇಷನ್‌ಗೆ ದುಡ್ಡು ಬೇಕಾಯಿತು. ನಡುವೆ ಮುರಿಸಿದರೆ ಕಟ್ಟಿದ್ದಷ್ಟೂ ಬರುವುದಿಲ್ಲ ಅಂತ ಹೇಳಬೇಕಾಯಿತು. "ಮೊದಲೇ ಹೇಳಬಾರದಿತ್ತಾ?" ಅಂದರು. ಕಾಗದದಲ್ಲಿ ಬರೆದಿತ್ತು, ನಿಜ. ಆದರೆ ಈ ದುಡ್ಡು ನಡುವೆ ಬೇಕಾಗಬಹುದಾ ಅಂತ ನಾನು ಕೇಳಿರಲೇ ಇಲ್ಲ.

ಅವರ ಮುಖ ಮರೆಯಲಾಗಲಿಲ್ಲ. ಸಿಎಫ್‌ಪಿ ಓದಲು ಕೂತೆ, ಅಂದರೆ ಸರ್ಟಿಫೈಡ್ ಫೈನಾನ್ಷಿಯಲ್ ಪ್ಲಾನರ್. ಪಾಠ, ಪರೀಕ್ಷೆ, ಅನುಭವ, ನೀತಿ ಸಂಹಿತೆ, ನಾಲ್ಕೂ ಆಗಬೇಕು. ವಿಮೆ, ತೆರಿಗೆ, ಹೂಡಿಕೆ, ನಿವೃತ್ತಿ, ಆಸ್ತಿ ಹಂಚಿಕೆ ಎಲ್ಲ ಓದಿದೆ. ನನ್ನನ್ನು ತಡೆದು ನಿಲ್ಲಿಸಿದ್ದು ಮಾತ್ರ ಅದರಲ್ಲಿ ಕಲಿಸುವ ಆರು ಹೆಜ್ಜೆ. ಮೊದಲು ಇಬ್ಬರ ನಡುವಿನ ಸಂಬಂಧ ಏನು, ಫೀಸು ಹೇಗೆ ಅಂತ ಸ್ಪಷ್ಟ ಮಾಡಿಕೊಳ್ಳಬೇಕು. ಆಮೇಲೆ ಮಾಹಿತಿ ಕೇಳಬೇಕು. ಅವರ ಸ್ಥಿತಿ ಅಳೆಯಬೇಕು. ಸಲಹೆ ಕೊಡಬೇಕು. ಪಾಲಿಸಿ, ಫಂಡು ಕೊಳ್ಳುವ ಮಾತು ಬರುವುದು ಐದನೆಯದರಲ್ಲಿ! ನಾನು ಅಷ್ಟು ವರ್ಷ ನೇರ ಅಲ್ಲಿಂದಲೇ ಶುರು ಮಾಡುತ್ತಿದ್ದೆ.

ಸಿಎಫ್‌ಎ, ಅಂದರೆ ಚಾರ್ಟರ್ಡ್ ಫೈನಾನ್ಷಿಯಲ್ ಅನಲಿಸ್ಟ್ ಓದಲಾ, ಸಿಎಫ್‌ಪಿ ಓದಲಾ ಅಂತ ಹುಡುಗರು ಜಾಸ್ತಿ ಕೇಳುತ್ತಾರೆ. ಸಿಎಫ್‌ಎಗೆ ಮೂರು ಹಂತದ ಪರೀಕ್ಷೆ, ಜೊತೆಗೆ ಕನಿಷ್ಠ 36 ತಿಂಗಳಲ್ಲಿ 4,000 ಗಂಟೆ ಕೆಲಸದ ಅನುಭವ ಬೇಕು. ಕಂಪನಿಗಳ ಲೆಕ್ಕ ಬಿಡಿಸುವುದು, ದೊಡ್ಡ ಫಂಡು ನಡೆಸುವುದು ಇಷ್ಟವಿದ್ದರೆ ಅದು. ಒಂದು ಮನೆಯವರ ಎದುರು ಕೂತು ಅವರ ಸಾಲ, ಮಕ್ಕಳ ಓದು, ಮುಪ್ಪಿನ ಚಿಂತೆ ಕೇಳುವ ತಾಳ್ಮೆ ಇದ್ದರೆ ಸಿಎಫ್‌ಪಿ. ಸುಮ್ನೆ ಹೆಸರಿನ ಮುಂದೆ ಅಕ್ಷರ ಸೇರಲಿ ಅಂತ ಯಾವುದನ್ನೂ ಓದಬೇಡಿ.

ಈಗ ನಾನು ಕಮಿಷನ್ ತೆಗೆದುಕೊಳ್ಳುವುದಿಲ್ಲ, ಫೀಸು ಮಾತ್ರ. ನೀವು ಯಾವ ಸಲಹೆಗಾರರ ಹತ್ತಿರ ಹೋದರೂ "ನಿಮಗೆ ದುಡ್ಡು ಯಾರು ಕೊಡುತ್ತಾರೆ?" ಅಂತ ಕೇಳಿ. ಕೇಳಲು ಸಂಕೋಚ ಬೇಡ, ದುಡ್ಡು ನಿಮ್ಮದಲ್ವಾ?

ಆ ಟೀಚರ್ ಹತ್ತಿರ ಮತ್ತೆ ಹೋದೆ. ಕ್ಷಮೆ ಕೇಳಿ, ಫೀಸಿಲ್ಲದೆ ಎಲ್ಲವನ್ನೂ ಮೊದಲಿಂದ ಲೆಕ್ಕ ಹಾಕಿಕೊಟ್ಟೆ. ಆರನೇ ಹೆಜ್ಜೆ ಮರುಪರಿಶೀಲನೆ. ಅದಕ್ಕಾಗಿ ವರ್ಷಕ್ಕೊಮ್ಮೆ ಅವರು ತಮ್ಮ ಲೆಕ್ಕದ ಪುಸ್ತಕ ಹಿಡಿದು ಬರುತ್ತಾರೆ.