ಕುಂಕಳ್ಳಿಯ 12 ಛತ್ರಿ

"ಇದ್ರಲ್ಲಿ ನಮ್ದೂ ಒಂದು ಛತ್ರಿ ಅದೆ ಮಗಾ." ಕೊರಳಲ್ಲಿ ಶಿಲುಬೆ ಹಾಕ್ಕೊಂಡಿದ್ದ ಅಲ್ಲಿನ ಒಬ್ಬ ಅಜ್ಜ ಕೊಂಕಣಿಯಲ್ಲಿ ಹೇಳಿದ ಈ ಮಾತು ಗೋವಾದಿಂದ ಬಂದಾಗಿಂದ ತಲೆ ಬಿಟ್ಟು ಹೋಗ್ತಾನೇ ಇಲ್ಲ.

ನಮ್ಮ ಕುಮಟಾ ಕಡೆ ಎಷ್ಟೋ ಕೊಂಕಣಿ ಮನೆಗಳ ಕುಲದೇವ್ರು ಗೋವಾದಲ್ಲೇ ಅಲ್ವಾ, ಪೂಜೆ ಮುಗಿಸ್ಕೊಂಡು ಹಾಗೇ ದಕ್ಷಿಣ ಗೋವಾದ ಕುಂಕಳ್ಳಿಗೂ ಛತ್ರಿ ಹಬ್ಬಕ್ಕೆ ಹೋದ್ವಿ. ಫಾತರ್ಪೆಯಿಂದ ಶಾಂತಾದುರ್ಗೆ ತನ್ನ ಹಳೇ ಊರಿಗೆ ಮೆರವಣಿಗೆಯಲ್ಲಿ ಬರ್ತಾಳೆ, ಜೊತೆಗೆ 12 ಛತ್ರಿ, ಊರು ಕಟ್ಟಿದ 12 ವಾಂಗಡಕ್ಕೆ ಅಂದ್ರೆ ಗಾಂವ್ಕಾರ ಮನೆತನಗಳಿಗೆ ಒಂದೊಂದು. ಗುಲಾಲು ಎಷ್ಟಂದ್ರೆ ಅಜ್ಜನ ಬಿಳಿ ಮೀಸೇನೂ ಕೆಂಪಾಗಿತ್ತು.

ದೊಡ್ಡಣ್ಣ ನನ್ ಕಿವೀಲಿ "ಅವ್ರಿಗೇನು ಸಂಬಂಧ?" ಅಂದ. ಓದಿರೋ ಮನುಷ್ಯ, ಇಂಥದ್ರಲ್ಲಿ ಮಾತ್ರ ಮನಸ್ಸು ಬಹಳ ಸಣ್ಣದು. 1583ರಲ್ಲಿ ದೇವಸ್ಥಾನ ಒಡೆದ ಸಿಟ್ಟಿಗೆ ಐದು ಜನ ಜೆಸ್ವಿಟ್ ಮಿಷನರಿಗಳನ್ನ ಕೊಂದಿದ್ದು ಈ ಊರವ್ರೇ, ಆಮೇಲೆ ಪೋರ್ಚುಗೀಸರು ಮುಖಂಡರನ್ನ ಮಾತುಕತೆಗೆ ಅಂತ ಅಸೊಳ್ಣೆ ಕೋಟೆಗೆ ಕರೆಸಿ ಮುಗಿಸಿದ್ರು, ಜಮೀನೂ ಹೋಯ್ತು, ದೇವಿ ಫಾತರ್ಪೆ ಸೇರಿದ್ಲು. ಎಷ್ಟೋ ಮನೆಗಳವ್ರು ಕ್ರೈಸ್ತರಾದ್ರು ಆದ್ರೆ ವಾಂಗಡ್ ಬಿಟ್ಟುಕೊಡ್ಲಿಲ್ಲ. ಇದಕ್ಕಿಂತ ಸಂಬಂಧ ಇನ್ನೇನು ಬೇಕು?

ಅಜ್ಜ ಆಮೇಲೆ ನನ್ನನ್ನೇ ಕೇಳಿದ್ರು, "ನಿಂದು ಯಾವ ವಾಂಗಡ್?" ನಾನು ಬಾಯಿ ತೆಗಿಯೋದ್ರೊಳಗೆ ದೊಡ್ಡಣ್ಣ ಉತ್ರ ಕೊಟ್ಟ, "ಅವ್ಳದ್ದು ಈಗ ಗಂಡನ ಮನೇದು." ಅಜ್ಜ ಅವನನ್ನ ನೋಡ್ಲೇ ಇಲ್ಲ, "ಹುಟ್ಟಿದ್ದು ಯಾವ್ದ್ರಲ್ಲಿ ಅಂತ ಕೇಳ್ದೆ" ಅಂದ್ರು ನಂಗೇ.

ಗೋವಾದ ಹಳ್ಳಿಗಳ ಕೋಮುನಿದಾದ್‌ನಲ್ಲಿ, ಅಂದ್ರೆ ಊರ ಜಮೀನು ಒಟ್ಟಾಗಿ ನೋಡ್ಕೊಳ್ಳೋ ಸಂಘದಲ್ಲಿ, ಗಾಂವ್ಕಾರರ ಹಕ್ಕು, ವರ್ಷಕ್ಕೊಮ್ಮೆ ಸಿಗೋ ಝೊಣ್ ಅನ್ನೋ ಪಾಲು, ಎಲ್ಲ ಗಂಡು ಸಂತಾನದಲ್ಲೇ ಇಳಿದು ಬಂದಿದ್ದು. ಗೋವಾ ಯಾಕೆ, ದೊಡ್ಡಣ್ಣ ಫ್ಲೆಕ್ಸ್ ಮಾಡಿಸಿದ ನಮ್ಮ ವಂಶವೃಕ್ಷ ನೋಡಿ, ಎಂಟು ತಲೆಮಾರು, ಒಂದೇ ಒಂದು ಹೆಣ್ಣಿನ ಹೆಸ್ರಿಲ್ಲ. ನಮ್ಮ ಅಜ್ಜ ಬೇಗ ತೀರಿಹೋದ್ಮೇಲೆ ಅಘನಾಶಿನಿ ದಂಡೆ ಗಜನಿ ಗದ್ದೆಯ ಕಟ್ಟೆ ಒಡೆದು ಉಪ್ಪುನೀರು ನುಗ್ಗಿದಾಗ ಆಳುಗಳ ಜೊತೆ ಮೊಣಕಾಲುದ್ದ ಕೆಸರಲ್ಲಿ ನಿಂತು ಮಣ್ಣು ಹಾಕ್ಸಿದ್ದು ಅಜ್ಜಿ, ಮತ್ತೆ ಉಪ್ಪುನೀರು ತಡ್ಕೊಳ್ಳೋ ಕಗ್ಗ ಭತ್ತ ಬಿತ್ಸಿದ್ದೂ ಅಜ್ಜಿ, ಅದೇ ಅಕ್ಕಿ ತಿಂದು ದೊಡ್ಡವನಾದವ್ನು ಇವ್ನು. ಮನೆತನ ಉಳಿಸಿದವ್ರ ಹೆಸ್ರೇ ಇಲ್ದಿದ್ರೆ ಅದೆಂಥಾ ವಂಶವೃಕ್ಷ?

ನಿನ್ನೆ ಅವ್ನಿಗೆ ಫೋನ್ ಮಾಡಿ ಹೇಳ್ಬಿಟ್ಟೆ, ಅಜ್ಜಿ ಹೆಸ್ರು, ಅತ್ತೆಯಂದಿರ ಹೆಸ್ರು, ನಂದು, ನನ್ ಮಗಳದು ಎಲ್ಲ ಸೇರಿಸಿ ಹೊಸ ಫ್ಲೆಕ್ಸ್ ಮಾಡ್ಸು, ದುಡ್ಡು ನಾನು ಕೊಡ್ತೀನಿ. ಯೋಚ್ನೆ ಮಾಡ್ತೀನಿ ಅಂದಿದಾನೆ. ಚೌತಿಗೆ ಎಲ್ರೂ ಸೇರ್ತೀವಲ್ಲ, ಅಲ್ಲೇ ಎಲ್ಲರೆದುರು ಕೇಳೋದು.