ಅಪ್ಪನ ರೆಪ್ಪೆ, ನರದ ಜಿಪ್ಪು

ಅಪ್ಪ ಸೂಜಿಗೆ ದಾರ ಪೋಣಿಸುವುದನ್ನು ಬಿಟ್ಟು ಒಂದೂವರೆ ವರ್ಷ ಆಗಿತ್ತು. ಮಲ್ಲೇಶ್ವರದ ಒಂದು ಅಡ್ಡರಸ್ತೆಯಲ್ಲಿ ನಲವತ್ತು ವರ್ಷ ಪ್ಯಾಂಟು, ಸಫಾರಿ ಹೊಲಿದವರು. ದೃಷ್ಟಿ ಚೆನ್ನಾಗಿಯೇ ಇತ್ತು. ರೆಪ್ಪೆ ಮಾತ್ರ ಅವರ ಮಾತು ಕೇಳುತ್ತಿರಲಿಲ್ಲ. ಬಿಸಿಲಿಗೆ ಬಂದರೆ ಸಾಕು, ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುತ್ತಿದ್ದವು. ಒಮ್ಮೆ ಸಂಪಿಗೆ ರಸ್ತೆ ದಾಟುವಾಗ ನಡುವೆಯೇ ನಿಂತುಬಿಟ್ಟರು, ಬೆರಳಲ್ಲಿ ರೆಪ್ಪೆ ಎತ್ತಿ ಹಿಡಿದುಕೊಂಡು. ಆಟೋದವರೊಬ್ಬರು ಇಳಿದು ಬಂದು ಕೈ ಹಿಡಿದು ದಾಟಿಸಿದರಂತೆ.

ಮೊದಲು ತೋರಿಸಿದ ಕಡೆ ಕಣ್ಣು ಒಣಗಿದೆ ಅಂತ ಡ್ರಾಪ್ಸ್ ಕೊಟ್ಟರು. ಒಂದು ವರ್ಷ ಅದನ್ನೇ ಹಾಕಿದೆವು. ಆ ವರ್ಷ ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಕೊನೆಗೆ ನರರೋಗದ ಡಾಕ್ಟರೊಬ್ಬರು ನೋಡಿದ ತಕ್ಷಣ ಹೆಸರು ಹೇಳಿದರು: ಬ್ಲೆಫರೋಸ್ಪಾಸಂ, ಅಂದರೆ ರೆಪ್ಪೆಯ ಸ್ನಾಯು ತಾನಾಗಿ ಬಿಗಿಯುವ ಕಾಯಿಲೆ. ಮದ್ದು, ಬೊಟುಲಿನಂ ಇಂಜೆಕ್ಷನ್.

"ಅದು ವಿಷ ಅಲ್ವಾ?" ಅಂದರು ಅಪ್ಪ.

ವಿಷವೇ. ಸರಿಯಾಗಿ ಕುದಿಸದೆ ಡಬ್ಬಿಯಲ್ಲಿಟ್ಟ ಆಹಾರದಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಅದನ್ನು ಮಾಡುತ್ತದೆ. ಅಲನ್ ಸ್ಕಾಟ್ ಎಂಬ ಅಮೆರಿಕದ ಕಣ್ಣಿನ ವೈದ್ಯರು ಅದನ್ನು ಮೆಳ್ಳೆಗಣ್ಣಿಗೆ ಮದ್ದಾಗಿ ಬಳಸಿದರು. 1989ರಲ್ಲಿ ಅಲ್ಲಿನ ಸರ್ಕಾರ ಅಪ್ಪನ ಕಾಯಿಲೆಗೂ ಒಪ್ಪಿಗೆ ಕೊಟ್ಟಿತು. ಇಷ್ಟು ಹೇಳಿದರೆ ಅಪ್ಪನಿಗೆ ಸಾಲಲಿಲ್ಲ. ಒಳಗೆ ಏನು ಮಾಡುತ್ತೆ, ಅದು ಹೇಳು ಅಂದರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರ್. ಅವತ್ತು ರಾತ್ರಿ ಕೂತು ಓದಿದೆ.

ನರದ ತುದಿಯಲ್ಲಿ ಪುಟ್ಟ ಪುಟ್ಟ ಚೀಲಗಳಿರುತ್ತವೆ, ವೆಸಿಕಲ್ ಅಂತ. ಅಡ್ಡಳತೆ ಸುಮಾರು 40 ನ್ಯಾನೋಮೀಟರ್. ಒಂದು ಕೂದಲಿನ ಅಗಲಕ್ಕೆ ಸಾವಿರಕ್ಕೂ ಜಾಸ್ತಿ ಚೀಲ ಸಾಲಾಗಿ ಕೂರುತ್ತವೆ. ಸ್ನಾಯುವಿಗೆ ಹೋಗುವ ನರವಾದರೆ ಚೀಲದೊಳಗೆ ಅಸಿಟೈಲ್‌ಕೋಲಿನ್ ಇರುತ್ತದೆ. ಅದು ಹೊರಗೆ ಚೆಲ್ಲಿದರೆ ಸ್ನಾಯು ಬಿಗಿಯುತ್ತದೆ. ಚೆಲ್ಲಬೇಕಾದರೆ ಚೀಲದ ಪೊರೆ ನರದ ಪೊರೆಯೊಂದಿಗೆ ಬೆಸೆದು ಒಂದಾಗಬೇಕು. ಆದರೆ ಪೊರೆಗಳು ಸುಮ್ನೆ ಬೆಸೆಯುವುದಿಲ್ಲ. ಹತ್ತಿರ ಬಂದಷ್ಟೂ ಒಂದನ್ನೊಂದು ದೂಡುತ್ತವೆ. ಅವನ್ನು ಬಲವಂತವಾಗಿ ಎಳೆದು ಸೇರಿಸುವ ಪ್ರೋಟೀನುಗಳಿಗೆ ಸ್ನೇರ್ ಅಂತ ಹೆಸರು.

ಬೆಳಿಗ್ಗೆ ಅಪ್ಪನಿಗೆ ಅಂದೆ, "ಇದು ಜಿಪ್ಪು ಇದ್ದ ಹಾಗೆ ಅಪ್ಪಾ. ನಿಮ್ಮ ಜಿಪ್ಪಿಗೆ ಎರಡು ಪಟ್ಟಿ, ಇದಕ್ಕೆ ನಾಲ್ಕು ಎಳೆ." ಚೀಲದ ಮೇಲಿನ ಸಿನ್ಯಾಪ್ಟೋಬ್ರೆವಿನ್ ಒಂದು ಎಳೆ ಕೊಡುತ್ತದೆ. ನರದ ಪೊರೆಯ ಸಿಂಟ್ಯಾಕ್ಸಿನ್ ಒಂದು, ಸ್ನ್ಯಾಪ್-25 ಎರಡು. ಪೊರೆಯಿಂದ ದೂರದ ತುದಿಯಲ್ಲಿ ಹೆಣೆಯಲು ಶುರುವಾಗಿ, ಪೊರೆಯ ಕಡೆಗೆ ಬರುತ್ತಾ ಬರುತ್ತಾ ಎರಡನ್ನೂ ಎಳೆದು ಅಂಟಿಸುತ್ತವೆ.

"ರನ್ನರ್ ಯಾವುದು?"

ರನ್ನರ್ ಇಲ್ಲ. ಹೆಣೆದುಕೊಳ್ಳಬೇಕೆಂಬ ಸೆಳೆತ ಎಳೆಗಳಲ್ಲೇ ಇದೆ. ಅರ್ಧ ಹಾಕಿದ ಜಿಪ್ಪಿನಂತೆ ಚೀಲಗಳು ಕಾದಿರುತ್ತವೆ. ನರದ ತುದಿಗೆ ಕ್ಯಾಲ್ಸಿಯಂ ನುಗ್ಗಿದಾಗ ಸಿನ್ಯಾಪ್ಟೋಟ್ಯಾಗ್ಮಿನ್ ಎಂಬ ಇನ್ನೊಂದು ಪ್ರೋಟೀನ್ ಅದನ್ನು ಹಿಡಿದು ತಡೆ ಬಿಡಿಸುತ್ತದೆ. ಸೆಕೆಂಡಿನ ಸಾವಿರದ ಒಂದು ಭಾಗದೊಳಗೆ ಚೀಲ ಬಾಯಿಬಿಡುತ್ತದೆ.

ಅಪ್ಪನಿಗೆ ಕೊಟ್ಟ ವಿಷ ಎ ಬಗೆಯದು. ಸ್ನ್ಯಾಪ್-25ರಲ್ಲಿ 206 ಅಮೈನೋ ಆಮ್ಲಗಳಿವೆ. ಕೊನೆಯ 9ನ್ನು ಅದು ಕತ್ತರಿಸುತ್ತದೆ, ಅಷ್ಟೇ. "ಕೊನೇ ನಾಲ್ಕು ಹಲ್ಲು ಕಿತ್ತರೆ ಜಿಪ್ಪು ಪೂರ್ತಿ ಏರಲ್ಲ," ಅಂದರು ಅಪ್ಪ. ಅವರ ದನಿಯಲ್ಲಿ ಹೆದರಿಕೆ ಹೋಗಿತ್ತು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು, "ಸರಿ, ಹಾಕಿದ ಜಿಪ್ಪನ್ನ ಬಿಚ್ಚೋರು ಯಾರು?"

ನನ್ನ ಕ್ಲಾಸಿನಲ್ಲಿ ಯಾರಾದರೂ ಹೀಗೆ ಕೇಳಿದ್ದರೆ ಅವತ್ತು ಪಾಠ ನಿಲ್ಲಿಸಿ ಅದನ್ನೇ ಹೇಳುತ್ತಿದ್ದೆ. ಹೆಣೆದ ಎಳೆ ಬಿಚ್ಚದಿದ್ದರೆ ಮುಂದಿನ ಚೀಲಕ್ಕೆ ಎಳೆಗಳೇ ಸಿಗುವುದಿಲ್ಲ. ಬಿಚ್ಚುವ ಪ್ರೋಟೀನ್ ಎನ್‌ಎಸ್‌ಎಫ್. ಜೀವಕೋಶದ ಇಂಧನವಾದ ಎಟಿಪಿಯ ಶಕ್ತಿ ಖರ್ಚು ಮಾಡಿ ಬಿಡಿಸುತ್ತದೆ. ಅದನ್ನು ಮೊದಲು ಬೇರ್ಪಡಿಸಿದ್ದು ಅಮೆರಿಕದ ವಿಜ್ಞಾನಿ ಜೇಮ್ಸ್ ರಾತ್‌ಮನ್ ಅವರ ಲ್ಯಾಬು. ಅದನ್ನೇ ಗಾಳವಾಗಿ ಹಾಕಿ, ಹಸುವಿನ ಮೆದುಳಿನ ರಸದಿಂದ 1993ರಲ್ಲಿ ಈ ಮೂರೂ ಸ್ನೇರ್‌ಗಳನ್ನು ಹಿಡಿದರು.

ಇನ್ನೊಂದು ಕಥೆ ನಮ್ಮವರದ್ದು. 1976ರಲ್ಲಿ ನಮ್ಮ ವಿಜ್ಞಾನಿ ಒಬೈದ್ ಸಿದ್ದಿಕಿ ಮತ್ತು ಅಮೆರಿಕದ ಸೀಮೋರ್ ಬೆಂಜರ್ ಒಂದು ಬಗೆಯ ಹಣ್ಣುನೊಣದ ಬಗ್ಗೆ ಬರೆದರು. ಬಿಸಿ ಮಾಡಿದರೆ ನೊಣ ಬಿದ್ದುಬಿಡುತ್ತದೆ. ತಣಿಸಿದರೂ ಬೇಗ ಏಳುವುದಿಲ್ಲ. ಅದಕ್ಕೇ ಕೋಮಟೋಸ್ ಅಂತ ಹೆಸರು. ಸುಮಾರು ಇಪ್ಪತ್ತು ವರ್ಷದ ನಂತರ, 1995ರಲ್ಲಿ, ಆ ನೊಣದಲ್ಲಿ ಕೆಟ್ಟಿದ್ದ ಜೀನು ಎನ್‌ಎಸ್‌ಎಫ್‌ನದ್ದೇ ಅಂತ ಗೊತ್ತಾಯಿತು. ಬಿಸಿಗೆ ಎನ್‌ಎಸ್‌ಎಫ್ ಕೈಕೊಡುತ್ತದೆ, ಬಿಚ್ಚದ ಜಿಪ್ಪುಗಳು ನರದಲ್ಲಿ ಗುಡ್ಡೆ ಬೀಳುತ್ತವೆ. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಸ್ಥೆಯನ್ನು ಕಟ್ಟಿದ್ದು ಇದೇ ಸಿದ್ದಿಕಿಯವರು. ಬಳ್ಳಾರಿ ರಸ್ತೆಯಲ್ಲಿ ಎಷ್ಟು ಸಲ ಅದರ ಮುಂದೆ ಬಸ್ಸಿನಲ್ಲಿ ಹೋಗಿದ್ದೇನೆ! 2013ರ ಜುಲೈನಲ್ಲಿ ಅವರು ತೀರಿಕೊಂಡರು. ಅದೇ ಅಕ್ಟೋಬರ್‌ನಲ್ಲಿ ರಾತ್‌ಮನ್, ಶೆಕ್‌ಮನ್, ಸೂಡಾಫ್ ಮೂವರಿಗೂ ಚೀಲಗಳ ಈ ಸಾಗಾಟದ ಕೆಲಸಕ್ಕೆ ನೊಬೆಲ್ ಬಂತು. ಮೂರು ತಿಂಗಳು ಇದ್ದಿದ್ದರೆ ಅಂತ ಅನ್ನಿಸುತ್ತದೆ.

ಇಂಜೆಕ್ಷನ್ ಆದ ಐದನೇ ದಿನ ಅಪ್ಪ ಬಾಲ್ಕನಿಯ ಬಿಸಿಲಲ್ಲಿ ಕೂತು ಪೇಪರ್ ಓದಿದರು. ಪೂರ್ತಿ ಓದಿದರು. ಆಮೇಲೆ ಪಕ್ಕದ ಮನೆ ಹುಡುಗನ ಸ್ಕೂಲ್ ಬ್ಯಾಗಿಗೆ ಜಿಪ್ಪು ಹಾಕಿಕೊಟ್ಟರು. ಕನ್ನಡಕ ಮೂಗಿನ ಮೇಲೆ, ದಾರ ತುಟಿಯಲ್ಲಿ, ಮೊದಲಿನ ಹಾಗೆ.

ಮದ್ದಿನ ಕೆಲಸ ಮೂರು ನಾಲ್ಕು ತಿಂಗಳು. ಅಷ್ಟರಲ್ಲಿ ನರ ಹೊಸ ಸ್ನ್ಯಾಪ್-25 ಮಾಡಿಕೊಂಡು ಚೇತರಿಸಿಕೊಳ್ಳುತ್ತದೆ. ಹೋದ ವಾರ ಅಪ್ಪ ಊಟದ ಮಧ್ಯೆ ಎರಡು ಸಲ ಕಣ್ಣು ಬಿಗಿದರು. ನಾನು ನೋಡಿದೆ, ಏನೂ ಹೇಳಲಿಲ್ಲ. ಅವರೇ ಅಂದರು, "ಹೊಸ ಹಲ್ಲು ಬಂತು ಕಣಮ್ಮಾ. ಡಾಕ್ಟರಿಗೆ ಫೋನ್ ಮಾಡು."